ಸಂಜೆಗೆ ಉಳಿದ ಮೇಲ್‌ಗಳು

ಕಾಫಿ ಬೀಜವನ್ನು ಸಂಸ್ಕರಿಸುವ ಬೇಲೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ ಭವ್ಯಾಳಿಗೆ ಕೆಲಸ ಎರಡಾಯಿತು. ಬೆಳೆಗಾರರು ತಂದ ಬೀಜದ ಸ್ಯಾಂಪಲ್ಲನ್ನು ಸಣ್ಣ ಯಂತ್ರದಲ್ಲಿ ಹುರಿದು ರುಚಿ ನೋಡುವುದು ಮೊದಲಿನಿಂದಲೂ ಅವಳದೇ. ಈಗ ಕಾಫಿ ಕೊಳ್ಳುವವರ ಇಮೇಲ್‌ಗೆ ಉತ್ತರ ಬರೆಯುವುದೂ ಅವಳ ಪಾಲಿಗೇ ಬಂತು. ಕಂಪ್ಯೂಟರ್ ಪಕ್ಕದ ಕೋಣೆಯಲ್ಲಿತ್ತು. ಅದು ‘ಟಿಣ್’ ಅಂದರೆ ಸಾಕು, ಎದ್ದು ಓಡುತ್ತಿದ್ದಳು.

ಅವತ್ತು ಅರೇಹಳ್ಳಿಯ ಏಕಾಂತಯ್ಯ ತಮ್ಮ ತೋಟದ ಬೀಜ ತಂದುಕೊಟ್ಟು ಬೆಂಚಿನ ಮೇಲೆ ಕೂತಿದ್ದರು. ಬೀಜ ಇನ್ನೇನು ಹದಕ್ಕೆ ಬರಬೇಕು, ಟಿಣ್ ಅಂತು. ನೋಡಿಬಂದರಾಯಿತು ಎಂದು ಹೋದವಳು ಒಂದಕ್ಕೆ ಉತ್ತರ ಬರೆಯುವಷ್ಟರಲ್ಲಿ ಇನ್ನೊಂದು ಬಂತು. ಸುಟ್ಟ ವಾಸನೆ ಮೂಗಿಗೆ ಬಡಿದು ಓಡಿಬಂದರೆ, ಬೀಜವೆಲ್ಲ ಇದ್ದಿಲಾಗಿತ್ತು.

“ತಪ್ಪಾಯ್ತು, ಸೀದುಹೋಯ್ತು,” ಎಂದಳು, ತಲೆ ಎತ್ತದೆ.

“ಓಗ್ಲಿ ಬಿಡವ್ವಾ, ಮನೇಲಿ ಇನ್ನೂ ಐತೆ. ಸೋಮ್ವಾರ ತತ್ತೀನಿ,” ಎಂದು ಏಕಾಂತಯ್ಯ ಚೀಲ ಮಡಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಮ್ಯಾನೇಜರ್ ಗಂಗಾಧರಯ್ಯನವರ ಬಳಿ ತಾನೇ ಹೋಗಿ ನಡೆದದ್ದನ್ನು ಹೇಳಿದಳು. “ತಕ್ಷಣ ಉತ್ತರ ಕೊಡದಿದ್ರೆ ಈ ಹುಡುಗಿಗೆ ಕೆಲಸ ಬರಲ್ಲ ಅಂದ್ಕೋತಾರೇನೋ ಅಂತ ಭಯ, ಸಾರ್.”

ಅವರು ಗದರಲಿಲ್ಲ. ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತರು. “ಇವತ್ತು ಬಂದಿರೋದನ್ನೆಲ್ಲ ಓದಮ್ಮಾ.”

ಓದಿದಳು. ಯಾರದೋ ರಜೆಯ ಸುದ್ದಿ, ಬೇರೆ ಯಾರಿಗೋ ಬರೆದದ್ದರ ಪ್ರತಿ, ಹಬ್ಬದ ಶುಭಾಶಯ. ಕೆಲಸದ್ದೆಂದರೆ ದರ ವಿಚಾರಿಸಿದ್ದು ಮಾತ್ರ.

“ಇದ್ರಲ್ಲಿ ಯಾವುದು ಸಂಜೆವರೆಗೂ ಕಾಯ್ತಿರ್ಲಿಲ್ಲ, ಹೇಳು?”

“ಯಾವುದೂ ಇಲ್ಲ ಸಾರ್,” ಎಂದಳು ಭವ್ಯಾ. ಅವರು ಬಗ್ಗಿ ಸ್ಪೀಕರಿನ ವೈರ್ ಕಿತ್ತರು. “ಬೆಳಗ್ಗೆ ಬಂದ ತಕ್ಷಣ ಒಂದ್ಸಲ ನೋಡು, ಹುರಿಯೋದೆಲ್ಲ ಮುಗಿದ್ಮೇಲೆ ಇನ್ನೊಂದ್ಸಲ. ಅರ್ಜೆಂಟ್ ಇದ್ದೋರು ಫೋನ್ ಮಾಡ್ಲಿ, ನಾನು ಎತ್ತುತ್ತೀನಿ. ಎಲ್ಲರಿಗೂ ಹಾಗಂತ ನನ್ನ ಹೆಸರಲ್ಲೇ ಬರೆದ್ಬಿಡು.”

ಬರೆದಳು. ಆದರೂ ಮೊದಮೊದಲು ಕಾಲು ತಾನಾಗಿ ಆ ಕೋಣೆಯ ಕಡೆ ಎಳೆಯುತ್ತಿತ್ತು. ಏನು ಬಂದಿದೆಯೋ ಎಂಬ ಕಸಿವಿಸಿ. ಕೊನೆಗೆ ನಡುವಿನ ಬಾಗಿಲನ್ನೇ ಮುಚ್ಚಿಕೊಂಡು ಹುರಿಯತೊಡಗಿದಳು.

ಸೋಮವಾರ ಏಕಾಂತಯ್ಯ ಮತ್ತೆ ಬಂದರು. ಬೀಜ ಚಟಪಟಗುಟ್ಟತೊಡಗಿದ ಹೊತ್ತಿಗೇ ಮ್ಯಾನೇಜರ ರೂಮಿನಲ್ಲಿ ಫೋನ್ ಬಡಿದುಕೊಂಡಿತು. ಅವಳು ಬಾಗಿಲ ಕಡೆ ತಿರುಗಿದಳು. ಗಂಗಾಧರಯ್ಯನವರ ದನಿ ಕೇಳಿಸಿತು: “ಭವ್ಯಾ ಅವ್ರು ಹುರೀತಾ ಇದ್ದಾರೆ ಸಾರ್. ಈಗ ಕರೆಯೋಕಾಗಲ್ಲ. ಸಂಜೆ ಅವ್ರೇ ಬರೀತಾರೆ… ಆಯ್ತು ಸಾರ್, ಆಗ್ಬಹುದು.”

ಅಷ್ಟೇ. ಆ ಕಡೆಯವರು ಸಿಟ್ಟಾಗಲಿಲ್ಲ, ಏನೂ ಮುಳುಗಿಹೋಗಲಿಲ್ಲ. ತನ್ನನ್ನು ಸದಾ ‘ನೀನು’ ಎನ್ನುವವರು ಹೊರಗಿನವರ ಮುಂದೆ ‘ಅವ್ರು’ ಎಂದದ್ದು ಕೇಳಿ ಭವ್ಯಾಳ ಕಣ್ಣು ಮಂಜಾಯಿತು. ಸೆರಗಿನಲ್ಲಿ ಒರೆಸಿಕೊಂಡು, ಬೀಜ ಹದಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಹೊರಗೆ ಸುರಿದಳು. ಆರಿದ ಮೇಲೆ ಪುಡಿ ಮಾಡಿ, ಕಾಫಿ ಕಾಯಿಸಿ ಏಕಾಂತಯ್ಯನವರಿಗೂ ಒಂದು ಲೋಟ ಕೊಟ್ಟಳು.

“ನಮ್ ತೋಟದ್ದೇನವ್ವಾ ಇದು!” ಏಕಾಂತಯ್ಯ ಕುಡಿದು ಲೋಟವನ್ನೇ ನೋಡಿದರು.

ಸಂಜೆ ಒಂದೇ ಪಟ್ಟಿಗೆ ಕೂತು ಎಲ್ಲ ಮೇಲ್‌ಗೂ ಉತ್ತರ ಬರೆದು, ಮ್ಯಾನೇಜರ ಬಾಗಿಲಲ್ಲಿ ನಿಂತಳು.

“ಸಾರ್, ತುಂಬಾ ಉಪಕಾರ ಆಯ್ತು.”

“ಉಪಕಾರ ಇರ್ಲಿ. ಏಕಾಂತಯ್ಯನೋರಿಗೆ ಕೊಟ್ಟೆ, ನನಗೆಲ್ಲಮ್ಮಾ ಕಾಫಿ?”

ಭವ್ಯಾ ನಗುತ್ತಾ ಒಲೆ ಹಚ್ಚಲು ಹೋದಳು.