ಉಚ್ಚೆಂಗನ ಕೊರಳಿಗೆ ಕಟ್ಟಿದ ಕರಡಿಗೆ

ನನ್ನ ಸಿಟ್ಟು ಮಲಪನಗುಡಿಗೆಲ್ಲ ಗೊತ್ತು. ನಾನು ಕಲಿಸುವ ಶಾಲೆಯ ಹುಡುಗರು ನನಗೆ ಮೆಣಸಿನಕಾಯಿ ಕೊಟ್ರಯ್ಯ ಎಂದು ಹೆಸರಿಟ್ಟಿದ್ದರು, ಇಟ್ಟರೆ ಇಡಲಿ. ೧೯೩೭ರ ಬೇಸಿಗೆಯಲ್ಲಿ ಮಾಡಿದ್ದೂ ಸಿಟ್ಟಿನ ಭರದಲ್ಲೇ ಮಾಡಿದ್ದು.

ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿ ಪ್ರತಿ ಬೇಸಿಗೆ ಹತ್ತು ದಿನ ಹುಡುಗರ ಶಿಬಿರ ನಡೆಯುತ್ತಿತ್ತು. ಕವಾಯತು, ಹೊಳೆಯಲ್ಲಿ ಈಜು, ಹಾಡು, ಹೊಟ್ಟೆ ತುಂಬ ಅನ್ನ. ಎಲ್ಲ ನಡೆಸುತ್ತಿದ್ದವರು ಹೊಸಪೇಟೆಯ ಅಕ್ಕಿ ಗಿರಣಿಯ ಮರುಳಸಿದ್ದಪ್ಪನವರು. ಮಾದರ ಕೇರಿಯಿಂದ ನನ್ನ ಶಾಲೆಗೆ ಬರುವ ಆರು ಹುಡುಗರನ್ನೂ ಸೇರಿಸಿಕೊಳ್ಳಿ ಎಂದು ಕೇಳಿದೆ.

“ನನಗೇನಿಲ್ರಿ ಮೇಷ್ಟ್ರ. ಉಳಿದ ಹುಡುಗರ ಮನಿಯವ್ರು ಒಪ್ಪಬೇಕಲ್ಲ? ಸುಮ್ನ ಬಿಡ್ರಿ,” ಎಂದರು.

ಮೈ ಉರಿದುಹೋಯಿತು. ಆ ಆರರಲ್ಲಿ ಉಚ್ಚೆಂಗ ಹನ್ನೆರಡರವನು, ಲೆಕ್ಕದಲ್ಲಿ ನನ್ನನ್ನೇ ತಿದ್ದುವಂಥವನು. ಅವನನ್ನು ಸಂಡೂರಿನ ಗಣಿಗೆ ಎಳೆದೊಯ್ಯಲು ಸೋದರಮಾವ ತುದಿಗಾಲಲ್ಲಿ ನಿಂತಿದ್ದ. ತಾಯಿ ಹೊಳೆಮ್ಮ ಮಾತ್ರ, “ಶಿಬಿರದಾಗ ಎಲ್ರ ಸರಿಸಮ ಕುಂತು ಬರ್ಲಿ. ಬಂದಾನಂದ್ರ ಮುಂದ ಓದಸ್ತೀನಿ. ಇಲ್ಲಂದ್ರ ಓದಿ ಏನು ಮಾಡ್ತಾನ?” ಎಂದಿದ್ದಳು.

ನಾನೊಂದು ಹೂಟ ಹೂಡಿದೆ. ಉಚ್ಚೆಂಗನ ಕೊರಳಿಗೆ ಲಿಂಗವಿಡುವ ಪುಟ್ಟ ಕರಡಿಗೆ ಕಟ್ಟುವುದು, ಕಂಪ್ಲಿಯಲ್ಲಿರುವ ನನ್ನ ಅಕ್ಕನ ಮಗ ಎಂದು ಶಿಬಿರಕ್ಕೆ ಸೇರಿಸುವುದು. ಕೊನೆಯ ದಿನ ಎಲ್ಲರೆದುರು ನಿಂತು ಇವನು ಇಂಥವನು ಎಂದು ಹೇಳುವುದು. ಹತ್ತು ದಿನ ಜೊತೆಗೆ ಉಂಡದ್ದನ್ನು ಕಕ್ಕುತ್ತಾರೆಯೇ? ಮುಂದಿನ ವರ್ಷ ಉಳಿದ ಐವರನ್ನೂ ಬಿಟ್ಟುಕೊಳ್ಳಲೇಬೇಕು. ಹೊಳೆಮ್ಮ ಹೆದರಿದಳು. “ನಾನಿದೀನಲ್ಲವ್ವ,” ಎಂದೆ.

ಶಿಬಿರಕ್ಕೆ ನಾನೂ ಅವನ ಜೊತೆ ಹೋದೆ. ಮೊದಲ ದಿನ ಎಷ್ಟು ಚೆನ್ನಾಗಿತ್ತು! ಉಚ್ಚೆಂಗ ಹೊಳೆಯಲ್ಲಿ ಈಜಿದ, ಹರಿಗೋಲು ತಿರುಗಿಸಿ ಎಲ್ಲರನ್ನೂ ನಗಿಸಿದ, ಪಂಕ್ತಿಯ ನಡುವೆ ಕುಳಿತು ಮೂರು ಸಲ ಅನ್ನ ಹಾಕಿಸಿಕೊಂಡ. ನನ್ನ ಕಣ್ಣು ತುಂಬಿ ಬಂತು.

ಮರುದಿನ ಬೆಳಗ್ಗೆ ಮರುಳಸಿದ್ದಪ್ಪನವರು ಗಾಡಿ ಕಟ್ಟಿಕೊಂಡು ಬಂದರು. “ಲಿಂಗ ಕಟ್ಟಿದವ್ರೆಲ್ಲ ಮೊದ್ಲು ಪೂಜಿ ಮಾಡ್ಕೋರಿ. ಆಮ್ಯಾಲ ಗಂಜಿ,” ಎಂದರು. ಹುಡುಗರು ಕರಡಿಗೆ ಬಿಚ್ಚಿ ಎಡಗೈಯಲ್ಲಿ ಲಿಂಗ ಹಿಡಿದರು. ಉಚ್ಚೆಂಗ ನನ್ನ ಮುಖ ನೋಡುತ್ತ ತನ್ನದನ್ನೂ ಬಿಚ್ಚಿದ. ಒಳಗೆ ಏನೂ ಇರಲಿಲ್ಲ.

“ಅಯ್ಯೋ, ಇವನ ಲಿಂಗ ಕಳದೈತಿ!” ಎಂದು ಯಾರೋ ಕೂಗಿದರು. ಲಿಂಗ ಕಳೆಯುವುದೆಂದರೆ ಸಣ್ಣ ಮಾತೇ? ಹುಡುಗರೆಲ್ಲ ಹೊಳೆಗೆ ಓಡಿ ಮರಳು ಕೆದರತೊಡಗಿದರು. ಗೆಳೆಯನದೆಂದು ಪಾಪ, ಅಷ್ಟು ಆಸ್ಥೆಯಿಂದ ಹುಡುಕುತ್ತಿದ್ದರು. ನನಗೆ ನೋಡಲಾಗಲಿಲ್ಲ.

“ಹುಡುಕಬ್ಯಾಡ್ರಲೇ!” ಎಂದು ಕಿರುಚಿದೆ. “ಖಾಲಿ ಡಬ್ಬಿ ಕಟ್ಟಿದಾಂವ ನಾನು. ಇವ ಮಾದರ ಕೇರಿಯ ಹುಡುಗ. ನಿನ್ನಿ ನಿಮ್ಮ ಜೋಡಿ ಉಂಡಾನ. ಯಾರಿಗರ ಏನರ ಆತೇನು?”

ಹುಡುಗರು ನಿಂತಲ್ಲೇ ನಿಂತರು. ಮರುಳಸಿದ್ದಪ್ಪನವರು ಬೈದಿದ್ದರೆ ಕಾದಾಡುತ್ತಿದ್ದೆ. ಬೈಯಲಿಲ್ಲ.

“ಅಯ್ಯನೋರ, ಲಿಂಗದೀಕ್ಷೆ ಕೊಡೋ ಮನಿತನ ನಿಮ್ಮದು,” ಎಂದರು ಮೆಲ್ಲಗೆ. “ಖರೇನ ದೀಕ್ಷೆ ಕೊಟ್ಟು ಕರ್ಕೊಂಡು ಬಂದಿದ್ರ ನಾನು ಏನಂತಿದ್ದೆ? ನಿಮ್ಮ ಕೈಲೇ ಆಗಲಿಲ್ಲ. ನಮಗ್ಯಾಕ ಬುದ್ಧಿ ಹೇಳ್ತೀರಿ?”

ಶಿಬಿರಕ್ಕೆ ಹೊರಡುವ ಮುಂಚೆ ನಮ್ಮ ಮನೆಯ ದೇವರ ಕೋಣೆಯಲ್ಲಿ ಲಿಂಗವೊಂದನ್ನು ಕೈಗೆತ್ತಿಕೊಂಡಿದ್ದೆ. ಹತ್ತು ದಿನದ ನಾಟಕಕ್ಕೆ ದೇವರೇಕೆ ಎಂದು ಕೆಳಗಿಟ್ಟೆ. ಅದೂ ಸುಳ್ಳು. ಆ ಹುಡುಗನ ಕೊರಳಿಗೆ ಲಿಂಗ ಕಟ್ಟಲು ನನ್ನ ಕೈ ಹಿಂಜರಿಯಿತು, ಅಷ್ಟೇ. ಥೂ ನನ್ನ ಜನ್ಮಕ್ಕೆ.

ಗಂಜಿ ಕುಡಿಯದೆ ಇಬ್ಬರೂ ಬಿಸಿಲಲ್ಲಿ ನಡೆದು ಬಂದೆವು. ಕಡ್ಡಿರಾಂಪುರ ದಾಟಿದ ಮೇಲೆ ಉಚ್ಚೆಂಗ ಕೇಳಿದ: “ಮೇಷ್ಟ್ರ, ನನ್ನದರಾಗ ಯಾಕ ಹಾಕಿರಲಿಲ್ರಿ?”

“ಮರ್ತೆ,” ಎಂದೆ.

ಕೇರಿಯ ಬಾಯಲ್ಲೇ ಹೊಳೆಮ್ಮ ನಿಂತಿದ್ದಳು. ಎರಡನೆಯ ದಿನಕ್ಕೇ ಮಗ ಮರಳಿದ್ದನ್ನು ಕಂಡು ಅವಳ ಮುಖ ಇಳಿಯಿತು. “ನನ್ನ ಮಗ ಏನು ತಪ್ಪು ಮಾಡಿದ್ನರಿ?” ಎಂದಳು.

ಉಚ್ಚೆಂಗನೇ ಹೇಳಿದ: “ಮೇಷ್ಟ್ರಿಗೆ ಏನೂ ಅನಬ್ಯಾಡವ್ವ. ಅವ್ರು ಮರ್ತಿದ್ರು.”

ಸೋಮವಾರ ಅವನು ಮಾವನ ಹಿಂದೆ ಸಂಡೂರಿಗೆ ಹೋದ. ಜೂನಿನಲ್ಲಿ ಶಾಲೆ ತೆರೆದಾಗ ಉಳಿದ ಐವರೂ ಬರಲಿಲ್ಲ. ಕರೆಯಲು ಕೇರಿಗೆ ಹೋಗುವ ಮುಖ ನನಗಿರಲಿಲ್ಲ.