ಬೋಳುತಲೆಯ ಗಾಳ

ಭಾಗ್ಯಶ್ರೀ ಮನೆಯ ಹೊಸ್ತಿಲು ದಾಟದೆ ನಲವತ್ತು ದಿನಗಳಾಗಿದ್ದವು. ಟೈಫಾಯ್ಡ್ ಜ್ವರ ಇಳಿದಿತ್ತು, ಊಟ ಸೇರುತ್ತಿತ್ತು, ಮೈಯಲ್ಲಿ ಕಸುವೂ ಬಂದಿತ್ತು. ಮೊದಲಿನಂತೆ ಬಾರದೆ ಉಳಿದದ್ದು ಕೂದಲೊಂದೇ. ಜ್ವರದಲ್ಲಿ ಅದು ಹಿಡಿಹಿಡಿಯಾಗಿ ಉದುರತೊಡಗಿದಾಗ ಜಡೆ ಕತ್ತರಿಸಿ ತಲೆ ಬೋಳಿಸಬೇಕಾಯಿತು. ದವಾಖಾನೆಯಿಂದ ಮರಳುವಾಗ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು, "ನಿನ್ನ ಮಗ ಭಾಳ ಸೊರಗ್ಯಾನಲ್ಲಬೇ" ಎಂದು ಮರುಕಪಟ್ಟಳು. ಹದಿಮೂರು ವರ್ಷದ ಹುಡುಗಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂದು ತಲೆಗೆ ಸುತ್ತಿಕೊಂಡ ಓಢಣಿಯನ್ನು ಮಲಗುವಾಗಲೂ ಬಿಚ್ಚುತ್ತಿರಲಿಲ್ಲ.

ತಾಯಿ ಮಥುರಾಬಾಯಿ ಒತ್ತಾಯ ಮಾಡುವವಳಲ್ಲ. "ಸಾಲಿಗಿ ಯಾವಾಗ ಕಳಸ್ತಿ?" ಎಂದವರಿಗೆಲ್ಲ "ಹೋಗ್ತಾಳ ಬಿಡ್ರಿ ನಮ್ಮ ಭಾಗಿ" ಎನ್ನುತ್ತಿದ್ದಳು. ಆದರೆ ಹುಡುಗಿ ಹೀಗೆ ಕತ್ತಲೆ ಕೋಣೆಗೇ ಒಗ್ಗಿಹೋದರೆ ಹೇಗೆ ಎಂಬ ಹೆದರಿಕೆ ರೊಟ್ಟಿ ಬಡಿಯುವಾಗಲೂ ಅವಳನ್ನು ಬಿಡುತ್ತಿರಲಿಲ್ಲ.

ಅಂಥದರಲ್ಲಿ ಒಂದು ದಿನ ಹುಡುಗಿ ಮೊಬೈಲಿನಲ್ಲಿ ಏನೋ ನೋಡಿ ಎದ್ದು ಕುಳಿತಳು. ಯಾವುದೋ ದೇಶದ ಮುದುಕನೊಬ್ಬ ಸೀಸದ ತಲೆಯ ಗಾಳಕ್ಕೆ ಪ್ರಾಣಿಯ ಕೂದಲು ಕಟ್ಟುತ್ತಿದ್ದ. ನೀರಿಗಿಳಿದರೆ ಅದು ಥೇಟ್ ಸಣ್ಣ ಮೀನಿನಂತೆ ಬಾಲ ಬಡಿಯುತ್ತಿತ್ತು. ಅಪ್ಪ ಶಿವರಾಯ ಭೀಮಾ ಹೊಳೆಯಲ್ಲಿ ಬಲೆ ಬೀಸುವವ. ಬಲೆಯ ಅಂಚಿಗೆ ಬೇಕಾದ ಸೀಸವನ್ನು ಮನೆಯಲ್ಲೇ ಕಾಸಿ ಎರೆಯುತ್ತಿದ್ದ.

"ಬಲಿಗಿ ಬೀಳದ ಮೀನ ಕೂದಲಿಗಿ ಬೀಳತಾವಂತ! ನಿನ್ನ ಮಗಳು ಮುಪ್ಪಿನಾಗ ನನಗ ಕಸಬು ಕಲಸಾಕತ್ತಾಳ ನೋಡು" ಎಂದು ಹೆಂಡತಿಗೆ ಹೇಳಿ ನಕ್ಕರೂ, ಶಿವರಾಯ ಮಗಳು ಕೇಳಿದಂತೆ ಐದು ಗಾಳಗಳ ಕೊರಳಿಗೆ ಸೀಸದ ಗುಂಡು ಕೂಡಿಸಿಕೊಟ್ಟ.

ಭಾಗಿ ಒಂದನ್ನು ಎತ್ತಿ ಹಿಡಿದಳು. "ಯವ್ವಾ, ಇಲ್ಲಿ ನೋಡಬೇ. ನನ್ನಂಗs ಬೋಳತಲಿ!"

ನಗಬೇಕೋ ಬೇಡವೋ ಮಥುರಾಬಾಯಿಗೆ ತಿಳಿಯಲಿಲ್ಲ. ಮಗಳು ನಕ್ಕಳು. ಆಮೇಲೆ ಇವಳೂ ನಕ್ಕಳು.

ಇಕ್ಕಳದ ಹಿಡಿಗೆ ರಬ್ಬರ್ ಸುತ್ತಿ, ಅದರ ಬಾಯಲ್ಲಿ ಗಾಳ ಕಚ್ಚಿಸಿದರು. ಬಲೆ ಹೆಣೆಯುವ ದಾರ, ಗಂಟಿನ ಮೇಲೆ ಹಚ್ಚಲು ಕೆಂಪು ನೇಲ್‌ಪಾಲಿಶ್. ಕೂದಲಿಗೆ ಏನು ಮಾಡುವುದು?

"ನನ್ನ ಕೂದಲs ಅದಾವಲ್ಲ" ಎಂದಳು ಭಾಗಿ ಮೆಲ್ಲಗೆ. "ನೀ ಗೂಡಿನಾಗ ಇಟ್ಟಿದ್ದು."

ಕತ್ತರಿಸಿದ ಜಡೆಯನ್ನು ಮಥುರಾಬಾಯಿ ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟಿದ್ದಳು. ಕೂದಲು ಕೊಳ್ಳುವವ ಬಂದು ಸ್ಟೀಲಿನ ಪಾತೇಲಿ ಕೊಡುತ್ತೇನೆಂದರೂ ಕೊಟ್ಟಿರಲಿಲ್ಲ. ಮಗಳಿಗೆ ಅದು ಗೊತ್ತಿಲ್ಲವೆಂದುಕೊಂಡಿದ್ದಳು. ಈಗ ಗೂಡಿನಿಂದ ತೆಗೆದುಕೊಟ್ಟಳು.

ಮೊದಲನೆಯದು ಕಸಬರಿಗೆಯಂತೆ ದಪ್ಪವಾಯಿತು. ಎರಡನೆಯದರಲ್ಲಿ ದಾರ ಜಾರಿ ಕೂದಲೆಲ್ಲ ಮಡಿಲಿಗೆ ಬಿತ್ತು. ಮೂರನೆಯದು ನಿಂತಿತು. ಬಕೆಟ್ಟಿನ ನೀರಿಗೆ ಇಳಿಬಿಟ್ಟರೆ ಕೂದಲೆಲ್ಲ ಒಂದಕ್ಕೊಂದು ಅಂಟಿ ತೊಯ್ದ ಬತ್ತಿಯಂತೆ ಜೋತುಬಿತ್ತು.

"ಮೆತ್ತಗ ಅದಬೇ. ಆಡಿಂದು ಬೇಕು" ಎಂದಳು ಭಾಗಿ. ಜಡೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಗೂಡಿನ ಕಡೆ ನೋಡದೆ ತಾಯಿಯ ಕೈಗಿಟ್ಟಳು.

ಓಣಿಯ ಆಚೆ ಬದಿಗೆ ಹಮೀದಾಬೇಗಂ ಮನೆ. ಅಂಗಳದಲ್ಲಿ ಕರಿ ಆಡು. ತವರೂರು ನಿಂಬರ್ಗಾದ ತೊಗರಿ ಹೊಲದಲ್ಲಿ ಬೆಳೆದ ಮಥುರಾಬಾಯಿಗೆ ಮೀನಿನ ಸಾರು ಮಾಡಲು ಬರುತ್ತಿತ್ತೇ ಹೊರತು ಗಾಳದ ಕೂದಲು ಎಂಥದೆಂದು ತಿಳಿಯದು. ಆಡಿನ ಹೊಟ್ಟೆಯ ಕೂದಲು ತಂದಳು.

"ಇದು ಹತ್ತಿ ಅರಳಿ ಆದಂಗ ಅದ. ನೆಟ್ಟಗಿಂದು ಬೇಕವ್ವ."

ಬೆನ್ನಿನದು ತಂದಳು.

"ಇಷ್ಟು ಗಿಡ್ಡಂದು ಹ್ಯಾಂಗ ಕಟ್ಲಿ? ಬಾಲದ ತುದೀದು ತಾ ಅಂದ್ರ ನಿನಗ..."

"ತರ್ತೇನಿ ತಾಯಿ, ತರ್ತೇನಿ."

ಮೂರನೆಯ ಸಲ ಹೋದಾಗ ಹಮೀದಾಬೇಗಂ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏನ್ರಿ ಮಥುರಾಬಾಯಿ, ನನ್ನ ಆಡಿಗೂ ಟೈಫಾಯ್ಡ್ ಬಂದದೇನು? ಹಿಂಗ ಬೋಳಸಾಕತ್ತೀರಿ!"

ಮಥುರಾಬಾಯಿ ಆಡಿನ ಬಾಲ ಹಿಡಿದಳು. ಉದ್ದನೆಯ, ಬಿರುಸಾದ, ನೆಟ್ಟಗಿನ ಕೂದಲು. ಇದೇ. ಈಗ ಅವಳಿಗೂ ಗೊತ್ತಾಗಿತ್ತು. ಕತ್ತರಿ ತೆರೆದಳು. ಓಣಿಯಾಚೆ ತನ್ನ ಮನೆಯ ಬಾಗಿಲು ಕಂಡಿತು. ಹತ್ತು ಹೆಜ್ಜೆಯೂ ಇರಲಿಲ್ಲ. ಕತ್ತರಿ ಮುಚ್ಚಿ, ಬಾಲ ಬಿಟ್ಟು, ಮತ್ತೆ ಹೊಟ್ಟೆಯ ಕೂದಲನ್ನೇ ಒಂದಿಷ್ಟು ಕತ್ತರಿಸಿಕೊಂಡಳು.

ಹಮೀದಾಬೇಗಂ ನೋಡುತ್ತಲೇ ಇದ್ದಳು. ಅವಳೂ ಓಣಿಯಾಚೆಯ ಆ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಆಡಿನ ಹಗ್ಗ ಇನ್ನೊಂದು ಗೇಣು ಗಿಡ್ಡ ಮಾಡಿ ಬಿಗಿದು ಒಳಗೆ ಹೋದಳು.

"ಯವ್ವಾ!" ಭಾಗಿಯ ದನಿ ಸೂರು ಮುಟ್ಟಿತು. "ಮತ್ತ ಅದs ತಂದಿ! ಬಾಲ ಯಾವುದು ಹೊಟ್ಟಿ ಯಾವುದು ತಿಳಿಯೂದಿಲ್ಲೇನು ನಿನಗ?"

"ನನಗೇನ ತಿಳೀತದ ನನ್ನವ್ವ. ಹಿಟ್ಟ ಒಣಗಾಕತ್ತದ, ನಾ ರೊಟ್ಟಿ ಬಡೀತೇನಿ."

"ಕೊಡಿಲ್ಲಿ ಕತ್ತರಿ!"

ಮಥುರಾಬಾಯಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತು ಒಳಗೆ ಕೈ ಹಾಕಿದಳು. ಬೆನ್ನ ಹಿಂದೆ ದಡದಡ ಹೆಜ್ಜೆ, ಬಾಗಿಲ ಸದ್ದು. ತಿರುಗಿ ನೋಡಿದರೆ ಇಕ್ಕಳದ ಪಕ್ಕ ಓಢಣಿ ಬಿದ್ದಿತ್ತು. ದಾರ ಸುತ್ತುವಾಗ ಕಣ್ಣಿಗೆ ಅಡ್ಡ ಬರುತ್ತದೆಂದು ಯಾವಾಗಲೋ ತೆಗೆದಿಟ್ಟಿರಬೇಕು.

ಅದನ್ನು ಎತ್ತಿಕೊಂಡು ಬಾಗಿಲ ತನಕ ಹೋದಳು. ಓಣಿಯಲ್ಲಿ ಇಬ್ಬರು ಹೆಂಗಸರು ಕೊಡ ಹೊತ್ತು ಹೋಗುತ್ತಿದ್ದರು, ಒಬ್ಬಳು ತಿರುಗಿಯೂ ನೋಡಿದಳು. ಆಚೆ ಅಂಗಳದಲ್ಲಿ ಭಾಗಿ ಒಂದು ಕೈಯಲ್ಲಿ ಆಡಿನ ಬಾಲ, ಇನ್ನೊಂದರಲ್ಲಿ ಕತ್ತರಿ ಹಿಡಿದು, "ಅಲುಗ್ಯಾಡಬ್ಯಾಡಲೇ" ಎಂದು ಗದರಿಸುತ್ತಿದ್ದಳು. ಅವಳ ತಲೆಯ ಮೇಲೆ ನೆಟ್ಟಗೆ ಚಿಗುರುತ್ತಿದ್ದ ಗಿಡ್ಡ ಕೂದಲಿಗೆ ಬಿಸಿಲು ಬಿದ್ದಿತ್ತು.

ಮಥುರಾಬಾಯಿ ಒಳಗೆ ಬಂದಳು. ಓಢಣಿಯನ್ನು ಮಡಚಿ ಟ್ರಂಕಿನೊಳಗಿಟ್ಟಳು.

ಸಂಜೆಗೆ ಬಾಲದ ಕೂದಲಿನ ಗಾಳ ಬಕೆಟ್ಟಿನಲ್ಲಿ ಅರಳಿತು. ಎಳೆದರೆ ಮುದುಡಿ, ಬಿಟ್ಟರೆ ಮತ್ತೆ ಅರಳಿತು. ಗಂಟು ವಕ್ರವಾಗಿತ್ತು, ನೇಲ್‌ಪಾಲಿಶ್ ಮೆತ್ತಿಕೊಂಡಿತ್ತು.

"ಅಪ್ಪಾ, ಮುಂಜಾನೆ ಹೊಳಿಗಿ ನಾನೂ ಬರ್ತೇನಿ" ಎಂದಳು ಭಾಗಿ. "ಸಾಲಿ ಟೈಮಿಗಿ ಹೊಳ್ಳಿ ತಂದು ಬಿಡಬೇಕು ಮತ್ತ."

ಶಿವರಾಯ ಹೆಂಡತಿಯ ಮುಖ ನೋಡಿದ. ಅವಳು ರೊಟ್ಟಿ ತಿರುವುತ್ತಿದ್ದಳು.