ರಕ್ತದ ಮುಯ್ಯಿ

ಆಂಧ್ರದ ಗಡಿಯಂಚಿನ ರಾಯಲ್ಪಾಡಿನಲ್ಲಿ ಅನಸೂಯಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ಊರಿಗೆಲ್ಲ ಅವಳು ‘ಎಂದುಕಮ್ಮ’. ತೆಲುಗಿನಲ್ಲಿ ಎಂದುಕು ಅಂದರೆ ಯಾಕೆ. ಡೈರಿಗೆ ಹಾಲಿನ ಗಟ್ಟಿತನ ಅಳೆಯುವ ಗಾಜಿನ ಕೊಳವೆ ಬಂದ ದಿನ, ಅದು ಒಬ್ಬರ ಹಾಲಿನಲ್ಲಿ ತೇಲುವುದು ಯಾಕೆ, ಇನ್ನೊಬ್ಬರ ಹಾಲಿನಲ್ಲಿ ಮುಳುಗುವುದು ಯಾಕೆ ಎಂದು ಕೇಳಿ ಕೇಳಿ ಕಾರ್ಯದರ್ಶಿಯ ತಲೆ ತಿಂದಿದ್ದಳು. ಆ ಪುಣ್ಯಾತ್ಮ ಕೊನೆಗೆ ಕೈಮುಗಿದು, ‘ಅಮ್ಮಾ ತಾಯಿ, ನಿಮ್ಮ ಹಾಲು ಚೆನ್ನಾಗಿದೆ, ಮನೆಗೆ ಹೋಗಿ’ ಅಂದಿದ್ದ.

ಗಂಡ ಕೋದಂಡರಾಮಪ್ಪ ಅದಕ್ಕೆ ತದ್ವಿರುದ್ಧ. ಮಾತಿಗೆ ಬರಗಾಲ, ಕೆಲಸಕ್ಕೆ ಸುಗ್ಗಿ. ಅವನಿಗೆ ಇದ್ದದ್ದು ಒಂದೇ ಹಟ, ಮುಯ್ಯಿಯದು. ಆ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ರಾಗಿ ಕೊಯ್ಲಿಗೋ ಹಿಪ್ಪುನೇರಳೆ ನಾಟಿಗೋ ಇವತ್ತು ನೀನು ನನ್ನ ಹೊಲಕ್ಕೆ ಬಂದರೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿಯ ಮಾತಿಲ್ಲ, ಆದರೆ ಊಟ ಮಾತ್ರ ಕರೆದವರದ್ದು. ಮುಯ್ಯಿಗೆ ಹೋಗುವವರು ತಮ್ಮ ಮನೆಯಲ್ಲಿ ಉಂಡು ಹೋದರೆ ಕರೆದವರ ಮುಖಕ್ಕೆ ಹೊಡೆದಂತೆ. ಉಳಿದವರು ಪಡೆದ ಮುಯ್ಯಿಯನ್ನು ವಾರಕ್ಕೋ ತಿಂಗಳಿಗೋ ತೀರಿಸುತ್ತಿದ್ದರು. ಕೋದಂಡರಾಮಪ್ಪ ಮಾತ್ರ ಮರುದಿನ ಕೋಳಿ ಕೂಗುವ ಹೊತ್ತಿಗೆ ಕುಡುಗೋಲು ಹಿಡಿದು ಅವರ ಬಾಗಿಲಲ್ಲಿ ನಿಂತಿರುತ್ತಿದ್ದ. ‘ಮುಯ್ಯಿನ ಮನೇಲಿ ಮಲಗಿಸ್ಕೋಬಾರ್ದು’ ಎಂಬುದು ಅವನ ಮಾತು.

ಎಂಬತ್ತೇಳನೇ ಇಸವಿಯ ಯುಗಾದಿ ಕಳೆದ ಮೇಲೆ ಅವನ ಕಣ್ಣು ಹಳದಿಯಾಯಿತು. ಕಾಮಾಲೆ ಅಂದರು. ಗಡಿಯಾಚೆಯ ಹಳ್ಳಿಯಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಡುವವರಿದ್ದರು, ಕುಡಿಸಿದರು. ಉಪ್ಪು ಬಿಡಿಸಿದರು, ಎಣ್ಣೆ ಬಿಡಿಸಿದರು. ಹಳದಿ ಮಾತ್ರ ಅವನನ್ನು ಬಿಡಲಿಲ್ಲ. ಮೈಯೆಲ್ಲ ನವೆ, ಸೊಂಟದಲ್ಲಿ ಪಂಚೆ ನಿಲ್ಲದಷ್ಟು ಇಳಿದುಹೋದ. ಕೋಲಾರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಸಿಕ್ಕವರು ಡಾಕ್ಟರ್ ಸುಬ್ಬರಾಯಪ್ಪ. ಮಾಲೂರು ಕಡೆಯವರು, ಅದೇ ಕೋಲಾರ ಜಿಲ್ಲೆಯವರು. ಹೊಸದಾಗಿ ಬಂದಿದ್ದ ಯಂತ್ರದಲ್ಲಿ ತೆಗೆಸಿದ ಫೋಟೋವನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದಾಗ ಕೋದಂಡರಾಮಪ್ಪ ನೆಲ ನೋಡುತ್ತಾ ಕೂತ. ಅನಸೂಯಮ್ಮ ಎದ್ದು ಹೋಗಿ ಡಾಕ್ಟರ ಭುಜದ ಪಕ್ಕದಿಂದ ಇಣುಕಿದಳು.

‘ಇದೇನು ಸ್ವಾಮಿ?’

‘ಹೊಟ್ಟೆಚೀಲದ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆಯಮ್ಮ. ಅದರ ತಲೆ ಭಾಗದಲ್ಲಿ ಗಡ್ಡೆ. ಕ್ಯಾನ್ಸರ್ರು. ಪಿತ್ತ ಇಳಿಯೋ ದಾರೀನ ಅದುಮಿ ಹಿಡಿದಿದೆ. ಅದಕ್ಕೇ ಕಾಮಾಲೆ.’

ಅವಳು ತಿರುಗಿ ಗಂಡನನ್ನು ನೋಡಿದಳು. ಆದರೂ ಬಾಯಿ ಸುಮ್ಮನಿರಲಿಲ್ಲ.

‘ತೆಗೀಬೋದಾ?’

‘ಗಡ್ಡೆ ತೆಗೀಬೋದು. ತೊಂದರೆ ಇಲ್ಲಿದೆ ನೋಡಿ. ಕರುಳಿನಿಂದ ಲಿವರಿಗೆ ರಕ್ತ ಒಯ್ಯೋ ದೊಡ್ಡ ನಾಳ ಇದು. ಗಡ್ಡೆ ಹೋಗಿ ಇದಕ್ಕೆ ಅಂಟ್ಕೊಂಡಿದೆ. ಬಿಡಿಸೋಕೆ ಹೋದ್ರೆ ಹರಿಯುತ್ತೆ. ಸಾಮಾನ್ಯವಾಗಿ ಇಂಥದ್ದು ಕಂಡ್ರೆ ಹೊಟ್ಟೆ ಹೊಲಿದು ಕಳಿಸ್ತಾರೆ.’

‘ಯಾಕೆ? ನಾಳಾನೂ ಸೇರಿಸಿ ಕುಯ್ದ್ರೆ ಏನಾಗುತ್ತೆ?’

‘ಮಾಡ್ತಾರೆ. ನಾನೂ ಮಾಡಿದೀನಿ. ಬದುಕಿದೋರೂ ಇದ್ದಾರೆ, ಟೇಬಲ್ ಮೇಲೇ ಹೋದೋರೂ ಇದ್ದಾರೆ.’

‘ಕುಯ್ದ ಮೇಲೆ ಎರಡು ತುದೀನೂ ಎಟುಕುತ್ವಾ?’

ಡಾಕ್ಟರು ಫೋಟೋ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. ಒಂದು ಹಾಳೆಯ ಮೇಲೆ ಗೀಟು ಎಳೆದು ತೋರಿಸಿದರು. ತುಂಡು ಚಿಕ್ಕದಾದರೆ ಎರಡೂ ತುದಿಯನ್ನು ಹತ್ತಿರ ತಂದು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುತ್ತಾರಂತೆ.

‘ಹೊಲಿಯೋವರೆಗೂ ರಕ್ತ ಎಲ್ಲಿಗೆ ಹೋಗುತ್ತೆ ಸ್ವಾಮಿ?’

‘ಕರುಳಲ್ಲೇ ನಿಂತಿರುತ್ತಮ್ಮ. ಅದಕ್ಕೇ ಬೇಗ ಹೊಲೀಬೇಕು. ಒಂದು ಕಡೆ ಜಾರಿದ್ರೂ ಸುರಿಯುತ್ತೆ.’ ಅವರು ಪೆನ್ನು ಮುಚ್ಚಿದರು. ‘ಹತ್ತು ಬಾಟ್ಲಿ ರಕ್ತ ಪಕ್ಕದಲ್ಲಿ ಇಲ್ಲದೆ ನಾನು ಆ ನಾಳಕ್ಕೆ ಕತ್ತಿ ಇಡಲ್ಲ. ಯಾವ ಗುಂಪಿನದ್ದಾದ್ರೂ ಸರಿ, ನೀವು ಕೊಟ್ಟಷ್ಟಕ್ಕೆ ಬ್ಯಾಂಕಿನೋರು ಇವರಿಗೆ ಹೊಂದೋದು ಕೊಡ್ತಾರೆ. ಸಿಗದಿದ್ರೆ ಪಿತ್ತಕ್ಕೆ ಬೇರೆ ದಾರಿ ಮಾಡಿ ಹೊಲಿದುಬಿಡ್ತೀನಿ. ಹಳದಿ ಇಳಿಯುತ್ತೆ, ಗಡ್ಡೆ ಅಲ್ಲೇ ಇರುತ್ತೆ.’

‘ಆಗ?’

‘ದೀಪಾವಳಿ ನೋಡೋದು ಕಷ್ಟ.’

ಮೊದಲು ಅವಳೇ ಕೈ ಚಾಚಿದಳು. ನರ್ಸು ಬೆರಳು ಚುಚ್ಚಿ ನೋಡಿ ಬೈದಳು. ‘ನಿಮಗೇ ರಕ್ತ ಇಲ್ಲ, ಇನ್ನೊಬ್ರಿಗೇನು ಕೊಡ್ತೀರಾ? ಸೊಪ್ಪು ಬೆಲ್ಲ ತಿಂದು ಆಮೇಲೆ ಬನ್ನಿ.’ ಇದ್ದೊಬ್ಬ ಮಗಳು ಬಾಣಂತಿ. ಅನಸೂಯಮ್ಮ ಒಂದು ಗಳಿಗೆ ಯೋಚಿಸಿ ಗಂಡನ ಮುಂದೆ ಹೋಗಿ ನಿಂತಳು.

‘ಊರಿಗೆ ಹೋಗಿ ಮುಯ್ಯಿಗೆ ಕರೀತೀನಿ.’

ಕೋದಂಡರಾಮಪ್ಪ ಹಾಸಿಗೆಯಿಂದ ಎದ್ದೇ ಕೂತ. ‘ತಲೆ ನೆಟ್ಟಗಿದೆಯೇನೇ? ರಾಗಿ ಕುಯ್ದೋರಿಗೆ ರಾಗಿ ಕುಯ್ದು ತೀರಿಸ್ಬೋದು. ರಕ್ತಕ್ಕೆ ಏನು ಕೊಡ್ಲಿ? ನನ್ನ ರಕ್ತ ಇನ್ನು ಯಾರೂ ಮುಟ್ಟಲ್ಲ. ತೀರಿಸೋಕಾಗದ ಮುಯ್ಯಿ ನನಗೆ ಬೇಡ. ಹೊಲಿದು ಕಳಿಸ್ಲಿ, ಹೋಗೋಣ.’

‘ನಾನು ತೀರಿಸ್ತೀನಿ.’

‘ನಿನ್ನಲ್ಲೆಲ್ಲಿದೆ? ನರ್ಸಮ್ಮ ಬೈದಿದ್ದು ಕೇಳಿಸ್ಲಿಲ್ವಾ?’

‘ಮಾಡ್ಕೋತೀನಿ ಬಿಡ್ರಿ! ನೀವು ಸತ್ರೆ ಮುಯ್ಯಿ ಇಲ್ಲದ ಮನೇಲಿ ಕೂತು ನಾನೇನು ಮಾಡ್ಲಿ?’ ಎಂದವಳೇ ಅಳು ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಗೋಡೆ ಕಡೆ ತಿರುಗಿ ಮಲಗಿದ ಕೋದಂಡರಾಮಪ್ಪ ಮತ್ತೆ ಬೇಡ ಅನ್ನಲಿಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು.

ಡೈರಿಯ ಮುಂದೆ ಸಂಜೆಯ ಹಾಲಿಗೆ ಜನ ಸೇರಿದ್ದಾಗ ಅವಳು ವಿಷಯ ಎತ್ತಿದಳು. ದೊಡ್ಡವೆಂಕಟಪ್ಪ, ಮಾವಿನಕಾಯಿಯ ಎರಡು ಬುಟ್ಟಿಯನ್ನು ಒಟ್ಟಿಗೇ ಎತ್ತುವ ಆಳು, ಕ್ಯಾನು ಕೆಳಗಿಟ್ಟು ಹಿಂದೆ ಸರಿದ.

‘ರಕ್ತ ಅಂದ್ರೆ ಬಾವಿ ನೀರೇನಕ್ಕಾ, ಸೇದಿದ್ರೆ ಊರೋದಕ್ಕೆ?’

‘ಊರುತ್ತಂತೆ ಕಣಪ್ಪ. ನಾನೂ ಅದನ್ನೇ ಕೇಳ್ದೆ. ಮೂರು ತಿಂಗಳಲ್ಲಿ ಕೊಟ್ಟಿದ್ದೆಲ್ಲ ಭರ್ತಿಯಾಗುತ್ತಂತೆ.’

‘ಮೂಳೆಯಲ್ಲಿ ಸತ್ವ ಹೋಗುತ್ತಂತಲ್ಲ?’

‘ಮೂಳೆಯಲ್ಲೇ ಹೊಸ ರಕ್ತ ಹುಟ್ಟೋದಂತೆ. ಕೇಳ್ಕೊಂಡೇ ಬಂದಿದೀನಿ.’

ಗಂಡಸರು ತಮ್ಮ ತಮ್ಮ ಕ್ಯಾನಿನ ಮುಚ್ಚಳ ಬಿಗಿ ಮಾಡತೊಡಗಿದರು. ಆಗ ಆಂಜಿನಮ್ಮ, ನಾಲ್ಕು ಹೆತ್ತ ಹೆಂಗಸು, ಚೊಂಬು ತೊಳೆಯುತ್ತಲೇ ಕೇಳಿದಳು. ‘ಒಂದು ಹೆರಿಗೇಲಿ ಹೋಗೋಷ್ಟು ಹೋಗುತ್ತಾ?’

‘ಅಷ್ಟು ಹೋಗಲ್ವಂತೆ.’

‘ಹಾಗಾದ್ರೆ ನಾನು ಬರ್ತೀನಿ. ನನ್ನ ಹೊಲದ ಕಳೆಗೆ ಕೋದಂಡಪ್ಪ ಎಷ್ಟು ಸಲ ಬಂದಿಲ್ಲ! ಈ ಮೀಸೆ ಹೊತ್ತೋರು ಮನೇಲಿ ಮುದ್ದೆ ತಿರುವ್ಕೊಂಡಿರ್ಲಿ.’

ಆಮೇಲೆ ಗಂಡಸರು ಒಬ್ಬೊಬ್ಬರಾಗಿ ಹೆಸರು ಹೇಳಿದರು. ದೊಡ್ಡವೆಂಕಟಪ್ಪ ಎಲ್ಲರಿಗಿಂತ ಕೊನೆಯವನು, ಹತ್ತನೆಯವನು.

ಆಪರೇಷನ್ನಿನ ಹಿಂದಿನ ದಿನ ಟೊಮೇಟೊ ಟೆಂಪೋದಲ್ಲಿ ಅಷ್ಟೂ ಜನ ಬಂದಿಳಿದರು. ಸ್ನಾನ ಮಾಡಿ, ಮಡಿಚಿಟ್ಟ ಪಂಚೆ ಉಟ್ಟಿದ್ದರು. ಅನಸೂಯಮ್ಮನಿಗೆ ಹೊಟ್ಟೆ ತುಂಬಿದ ಹಾಗಾಯಿತು. ಆದರೆ ಬಂದವರ ಹೊಟ್ಟೆ ತುಂಬಿರಲಿಲ್ಲ ಎನ್ನುವುದು ಬ್ಲಡ್ ಬ್ಯಾಂಕಿನ ಬಾಗಿಲಲ್ಲಿ ಗೊತ್ತಾಯಿತು.

‘ಬೆಳಗ್ಗೆ ಏನು ತಿಂದ್ರಿ?’ ಎಂದು ನರ್ಸು ಕೇಳಿದಳು.

‘ಏನೂ ಇಲ್ಲ’ ಎಂದರು ಎಲ್ಲರೂ, ಹೆಮ್ಮೆಯಿಂದ.

‘ಬರೀ ಹೊಟ್ಟೇಲಿ ರಕ್ತ ತಗೊಳ್ಳೋಹಾಗಿಲ್ಲ. ಮಧ್ಯಾಹ್ನಕ್ಕೆ ಬಾಗಿಲು ಮುಚ್ತೀವಿ. ಯಾಕ್ರೀ ಹೀಗೆ ಬಂದ್ರಿ?’

ದೊಡ್ಡವೆಂಕಟಪ್ಪನಿಗೆ ಸಿಟ್ಟು ಬಂತು. ‘ಮುಯ್ಯಿಗೆ ಬಂದಿದೀವಮ್ಮ! ಮನೇಲಿ ಉಂಡು ಬಂದ್ರೆ ಈ ಯಮ್ಮನಿಗೆ ಏನು ಮರ್ಯಾದೆ ಉಳೀತು?’

ಅನಸೂಯಮ್ಮ ಹಣೆ ಚಚ್ಚಿಕೊಂಡಳು. ರಕ್ತ ಎಲ್ಲಿ ಹುಟ್ಟುತ್ತೆ ಎಂದು ಕೇಳಿದವಳಿಗೆ, ಕೊಡುವವರು ಉಂಡು ಬರಬೇಕಾ ಎಂದು ಕೇಳಲು ತೋಚಿರಲಿಲ್ಲ. ತಪ್ಪು ಅವಳದೇ. ಮುಯ್ಯಿ ಅಂತ ಕರೆದದ್ದು ಅವಳು, ಅನ್ನ ಹಾಕಬೇಕಾದವಳೂ ಅವಳೇ. ಹೋಟೆಲಿನಿಂದ ಇಡ್ಲಿ ತರಿಸಲೇ ಎಂದಳು. ‘ಮುಯ್ಯಿಗೆ ಹೋಟೆಲ್ ಇಡ್ಲಿನಾ?’ ಎಂದು ಆಂಜಿನಮ್ಮ ಹುಬ್ಬೇರಿಸಿದ್ದೇ ತಡ, ಅನಸೂಯಮ್ಮ ಆಸ್ಪತ್ರೆಯ ಹಿಂಬದಿಗೆ ಓಡಿದಳು. ಅಲ್ಲಿ ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ತಗಡಿನ ಕೊಟ್ಟಿಗೆ ಇತ್ತು. ಅವಳ ಬಳಿ ಇದ್ದದ್ದು ಒಂದು ಹೊತ್ತಿನ ಹಿಟ್ಟು. ಬೈರಕೂರಿನ ಮುನಿಶಾಮಮ್ಮ, ಮಗನ ಕಾಲಿನ ಆಪರೇಷನ್ನಿಗೆ ಬಂದವಳು, ಸಂಗತಿ ಕೇಳಿ ತನ್ನ ಹಿಟ್ಟಿನ ಚೀಲವನ್ನೇ ತಂದು ಸುರಿದಳು. ಇನ್ನೊಬ್ಬಳು ಸೊಪ್ಪು ಕೊಟ್ಟಳು, ಮತ್ತೊಬ್ಬಳು ಕುದಿಯುತ್ತಿದ್ದ ತನ್ನ ಎಸರನ್ನೇ ಬಿಟ್ಟುಕೊಟ್ಟಳು.

ಡಾಕ್ಟರ್ ಸುಬ್ಬರಾಯಪ್ಪ ಆ ದಾರಿಯಲ್ಲಿ ಬಂದಾಗ ಕೊಟ್ಟಿಗೆಯ ಮುಂದೆ ಸಾಲಾಗಿ ಕೂತವರು ಮುದ್ದೆ ಮುರಿಯುತ್ತಿದ್ದರು. ಕಾರಣ ಕೇಳಿ ಅವರು ಬಿದ್ದು ಬಿದ್ದು ನಕ್ಕರು. ‘ನಮ್ಮ ಮಾಲೂರಲ್ಲೂ ಇದೇ ಕಣ್ರಮ್ಮ. ನನಗಾದ್ರೂ ನೆನಪಾಗ್ಬಾರ್ದಾ!’ ಎಂದು, ಬಾಗಿಲು ಮುಚ್ಚಬೇಡಿರೆಂದು ಬ್ಯಾಂಕಿಗೆ ಹೇಳಿ ಕಳಿಸಿದರು. ಎಲ್ಲರದ್ದೂ ಆಯಿತು. ದೊಡ್ಡವೆಂಕಟಪ್ಪ ಎದ್ದು ತನ್ನ ಬಾಟ್ಲಿಯನ್ನು ನೋಡಿದವನೇ ದೊಪ್ಪನೆ ಬಿದ್ದ. ಬೀಳುವ ಮೊದಲೇ ಬಾಟ್ಲಿ ತುಂಬಿದ್ದರಿಂದ ನಷ್ಟವೇನೂ ಆಗಲಿಲ್ಲ.

ಮರುದಿನ ಬೆಳಗ್ಗೆ ಕೋದಂಡರಾಮಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಅನಸೂಯಮ್ಮ ಬಾಗಿಲಿಗೆ ಎದುರಾಗಿ ಕೂತಳು, ಪಕ್ಕದಲ್ಲಿ ಆಂಜಿನಮ್ಮ. ಬಿಸಿಲು ಏರಿತು. ಬೇಗ ಹೊರಗೆ ಬಂದರೆ ಹೊಲಿದುಬಿಟ್ಟರು ಎಂದೇ ಅರ್ಥ. ಬಾಗಿಲು ಅಲುಗಿದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಆಳು ರಕ್ತದ ಬಾಟ್ಲಿಗಳನ್ನು ಎದೆಗವಚಿಕೊಂಡು ಒಳಗೆ ಓಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಓಡಿದ. ಆಂಜಿನಮ್ಮ ಬಾಯಿ ಬಡಿದುಕೊಂಡಳು. ‘ಅಯ್ಯೋ ದೇವ್ರೇ, ಏನೋ ಕೆಟ್ಟೋಯ್ತು ಕಣೇ!’

‘ಇಲ್ಲ ಕಣೇ’ ಎಂದಳು ಅನಸೂಯಮ್ಮ. ಮುಖ ಅರಳಿತ್ತು. ‘ಹೊಲಿದುಬಿಡೋರಾಗಿದ್ರೆ ಅಷ್ಟು ರಕ್ತ ಯಾಕೆ? ನಾಳಕ್ಕೆ ಕೈ ಹಾಕಿದಾರೆ.’

ಸಂಜೆ ಡಾಕ್ಟರು ಹೊರಗೆ ಬಂದು ಗೋಡೆಗೆ ಒರಗಿ ನಿಂತರು. ಗಡ್ಡೆ ಬಂತು, ನಾಳದ ತುಂಡೂ ಬಂತು, ಹೊಲಿಗೆ ಗಟ್ಟಿಯಾಗಿ ನಿಂತಿದೆ ಎಂದರು. ಅನಸೂಯಮ್ಮ ಕೈಮುಗಿದಳು. ಕೈ ಇಳಿಸುವ ಮೊದಲೇ, ‘ಆ ತುಂಡು ನೋಡ್ಬೋದಾ ಸ್ವಾಮಿ?’ ಎಂದಳು. ಡಾಕ್ಟರು ಒಂದು ಗಾಜಿನ ಶೀಸೆ ತರಿಸಿದರು. ಅವಳು ಅದನ್ನು ಬೆಳಕಿಗೆ ಹಿಡಿದಳು. ಕಿರುಬೆರಳಿನ ಒಂದು ಗೆಣ್ಣಿನಷ್ಟೂ ಇರಲಿಲ್ಲ.

‘ಇಷ್ಟಕ್ಕೇನಾ ಇಷ್ಟು ಜನ ಬೇಕಾಗಿದ್ದು!’

‘ಇಷ್ಟಕ್ಕೇ ಅಮ್ಮ. ಮುಂದೆ ಎಷ್ಟು ದಿನ ಅಂತ ಮಾತ್ರ ನನ್ನ ಕೇಳ್ಬೇಡಿ. ನನಗೂ ಗೊತ್ತಿಲ್ಲ.’

ಎಂದುಕಮ್ಮ ಅದೊಂದನ್ನು ಕೇಳಲಿಲ್ಲ.

ಕೋದಂಡರಾಮಪ್ಪ ದೀಪಾವಳಿ ನೋಡಿದ. ಸಂಕ್ರಾಂತಿ ನೋಡಿದ. ಮರುವರ್ಷ ಮಾವು ಕೀಳುವ ಕಾಲಕ್ಕೆ ಗಂಡ ಹೆಂಡತಿ ಶ್ರೀನಿವಾಸಪುರದ ಬಸ್ಸು ಹಿಡಿದು ತಪಾಸಣೆಗೆ ಬೆಂಗಳೂರಿಗೆ ಹೋದರು. ವರ್ಷವಿಡೀ ನುಗ್ಗೆಸೊಪ್ಪು, ಬೆಲ್ಲ ತಿಂದಿದ್ದ ಅನಸೂಯಮ್ಮ ಡಾಕ್ಟರನ್ನು ಕಂಡಾದ ಮೇಲೆ ನೇರ ಬ್ಲಡ್ ಬ್ಯಾಂಕಿಗೆ ನಡೆದಳು. ಅದೇ ನರ್ಸು ಇದ್ದಳು, ಬೆರಳು ಚುಚ್ಚಿ ನೋಡಿ ತಲೆಯಾಡಿಸಿದಳು.

‘ತಿಂದು ಬಂದಿದೀರಾ?’

‘ಹೊಟ್ಟೆ ಬಿರಿಯೋ ಹಾಗೆ.’

ಅವಳು ಮಲಗಿ, ಬಾಟ್ಲಿ ತುಂಬುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಇದು ಯಾರಿಗೆ ಹೋಗುತ್ತೆ, ಎಷ್ಟು ದಿನ ಕೆಡದೆ ಇರುತ್ತೆ, ಎಲ್ಲ ಕೇಳಿದಳು. ಕೋದಂಡರಾಮಪ್ಪ ಪಕ್ಕದ ಸ್ಟೂಲಿನಲ್ಲಿ, ಸಡಿಲವಾದ ಅಂಗಿಯೊಳಗೆ ಕೂತಿದ್ದ.

‘ಒಂದು ತೀರ್ತು ನೋಡ್ರಿ’ ಎಂದಳು.

‘ಇನ್ನು ಮೂರು ತಿಂಗಳು ಈ ಕಡೆ ಬರ್ಬೇಡಿ’ ಎಂದಳು ನರ್ಸು.

ಕೋದಂಡರಾಮಪ್ಪ ಬೆರಳು ಮಡಿಚಿ ಮಡಿಚಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಉಳಿದದ್ದು ಒಂಬತ್ತು, ಮೂರು ತಿಂಗಳಿಗೊಂದು. ಈಗ ಬೈಯುತ್ತಾನೆ ಎಂದುಕೊಂಡಳು ಅನಸೂಯಮ್ಮ. ಒಂದು ರಾತ್ರಿ ಮುಯ್ಯಿ ಇಟ್ಟುಕೊಳ್ಳದ ಮನುಷ್ಯನಿಗೆ ವರ್ಷಗಟ್ಟಲೆಯ ಬಾಕಿ. ಅವನು ಹೆಂಡತಿಯ ತಲೆಯ ಮೇಲೆ ಕೈ ಇಟ್ಟ. ಜನರೆದುರು ಅವನು ಎಂದೂ ಹಾಗೆ ಮಾಡಿದವನಲ್ಲ.

‘ಆತುರ ಮಾಡ್ಬೇಡ ಕಣೇ. ಮುಯ್ಯಿ ಬಾಕಿ ಇಟ್ಟು ನಾನೆಲ್ಲಿಗೂ ಹೋಗೋನಲ್ಲ. ನಿಧಾನಕ್ಕೆ ತೀರ್ಸು.’